ತಲೆಗೆ ಪೆಟ್ಟು ಬಿದ್ದ ಮೇಲಿನ ಗಂಟೆಗಳು

ಕೇಳುಗರಿಗೆ ನಮಸ್ಕಾರ. ಸಕಲೇಶಪುರ, ಮೂಡಿಗೆರೆ ಕಡೆ ಈಗ ಕಾಳುಮೆಣಸಿನ ಕೊಯ್ಲು. ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಹತ್ತಿದವರು ಕಾಲು ಜಾರಿ ಬೀಳುವುದುಂಟು. ಒಂದೆರಡು ನಿಮಿಷ ಎಚ್ಚರ ತಪ್ಪುತ್ತದೆ. ಆಮೇಲೆ ಎದ್ದು ಕೂತು, "ಏನೂ ಆಗಿಲ್ಲ ಬಿಡಿ" ಅಂತಾರೆ. ತೋಟದ ಕೆಲಸಗಾರರ ಲೈನ್ ಮನೆಗೆ ಹೋಗಿ ಮಲಗುತ್ತಾರೆ. ಸಂಜೆಗೆ ವಾಂತಿ ಶುರುವಾಗುತ್ತದೆ, ಮಾತು ತೊದಲುತ್ತದೆ. ಆ ನಡುವೆ ಕಳೆದುಹೋದ ಗಂಟೆಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಯಾಕೆಂದರೆ ಮೆದುಳಿಗೆ ಹಾನಿ ಎರಡು ಹಂತದಲ್ಲಿ ಆಗುತ್ತದೆ. ಬಿದ್ದ ಕ್ಷಣದಲ್ಲಿ ಆದದ್ದು ಮೊದಲನೆಯದು, ಅದನ್ನು ಯಾರೂ ವಾಪಸ್ ತರಲಾರರು. ಎರಡನೆಯದು ಆಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ಒಳಗೇ ನಡೆಯುತ್ತದೆ. ನಮ್ಮ ತೂಕದಲ್ಲಿ ಮೆದುಳಿನ ಪಾಲು ಶೇಕಡಾ 2ರಷ್ಟು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಪೆಟ್ಟು ತಿಂದ ಜೀವಕೋಶಗಳಲ್ಲಿ ಈ ಆಮ್ಲಜನಕದ ಬಳಕೆ ಹದ ತಪ್ಪಿ, ಫ್ರೀ ರಾಡಿಕಲ್ ಎಂಬ ಕಣಗಳು ಜಾಸ್ತಿಯಾಗುತ್ತವೆ. ಅವು ಕೋಶದ ಪೊರೆಯಲ್ಲಿರುವ ಕೊಬ್ಬಿನ ಮೇಲೆ ಬೀಳುತ್ತವೆ. ತೆರೆದಿಟ್ಟ ಕಡಲೆಕಾಯಿ ಎಣ್ಣೆ ಗಾಳಿ ತಾಗಿ ಕಮಟು ಹಿಡಿಯುತ್ತದಲ್ವಾ, ಅದೇ ಬಗೆಯ ಕ್ರಿಯೆ ಇದು. ಕೆಟ್ಟ ಒಂದು ಅಣು ಪಕ್ಕದ್ದನ್ನೂ ಕೆಡಿಸುತ್ತದೆ. ಸೋರಿದ ರಕ್ತದಲ್ಲಿನ ಕಬ್ಬಿಣದ ಅಂಶ ಇದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಮೆದುಳು ಊದಿಕೊಳ್ಳುತ್ತದೆ. ತಲೆಬುರುಡೆಯೊಳಗೆ ಜಾಗವಿಲ್ಲ. ಒತ್ತಡ ಏರಿ, ಚೆನ್ನಾಗಿದ್ದ ಭಾಗಕ್ಕೂ ರಕ್ತ ಸಾಲದಾಗುತ್ತದೆ.

ಇದನ್ನು ತಡೆಯುವ ಔಷಧಿ ಇಲ್ವಾ ಅಂತ ಕೇಳುತ್ತೀರಿ. ಹುಡುಕಾಟ ದಶಕಗಳಿಂದ ನಡೆದಿದೆ. ಫ್ರೀ ರಾಡಿಕಲ್‌ಗಳ ಹಾವಳಿ ತಡೆಯುವ, ಅಂದರೆ ಆಂಟಿಆಕ್ಸಿಡೆಂಟ್ ಗುಣದ ಟಿರಿಲಜಾಡ್ ಎಂಬ ಔಷಧಿ ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿತು, ಮನುಷ್ಯರಲ್ಲಿ ಫಲ ಕೊಡಲಿಲ್ಲ. ಸ್ಟೀರಾಯ್ಡ್ ಕೊಟ್ಟು ನೋಡಿದ 'ಕ್ರ್ಯಾಶ್' ಅಧ್ಯಯನದಲ್ಲಿ 10,000ಕ್ಕೂ ಹೆಚ್ಚು ರೋಗಿಗಳಿದ್ದರು. 2004ರಲ್ಲಿ ಫಲಿತಾಂಶ ಬಂದಾಗ ಸಾವು ಕಡಿಮೆಯಾಗುವುದಿರಲಿ, ಜಾಸ್ತಿಯೇ ಆಗಿತ್ತು. ಹಾಗಾಗಿ ಪೆಟ್ಟು ಬಿದ್ದವರಿಗೆ ಆಂಟಿಆಕ್ಸಿಡೆಂಟ್ ಮಾತ್ರೆ, ವಿಟಮಿನ್ ಕ್ಯಾಪ್ಸೂಲ್ ತಂದು ಕೊಟ್ಟು ಸುಮ್ನೆ ಕೂರಬೇಡಿ.

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಉಸಿರು ಮತ್ತು ರಕ್ತದೊತ್ತಡ. ಇವೆರಡು ಬಿದ್ದರೆ ಎರಡನೇ ಹಾನಿ ಬೇಗ ಬೆಳೆಯುತ್ತದೆ. ನಮ್ಮ ಕಡೆ ಬಿದ್ದವರನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುತ್ತಾರೆ. ಕತ್ತು ಮುಂದಕ್ಕೆ ವಾಲುತ್ತದೆ, ನಾಲಿಗೆ ಹಿಂದೆ ಸರಿಯುತ್ತದೆ, ಉಸಿರಿನ ದಾರಿಯೇ ಕಟ್ಟುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು, ಕಾಫಿ ಹಾಕಬೇಡಿ. ವಾಂತಿ ಬಂದರೆ ಇಬ್ಬರು ಮೂವರು ಸೇರಿ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿಟ್ಟು ಮಗ್ಗುಲಿಗೆ ಹೊರಳಿಸಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ.

ಒಂದು ಕ್ಷಣ ಎಚ್ಚರ ತಪ್ಪಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ತಲೆನೋವು ಏರುತ್ತಿದ್ದರೆ, ಮಂಪರು ಹೆಚ್ಚಿದರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ ತಡ ಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವ ಹಿರಿಯರಿಗೆ ಸಣ್ಣ ಪೆಟ್ಟೂ ಅಪಾಯವೇ. ನೇರ ಬೆಂಗಳೂರಿಗೆ ಓಡುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಉಸಿರು, ಬಿಪಿ ಸರಿಮಾಡಿಸಿಕೊಳ್ಳಿ.

ತೋಟದ ಮಾಲೀಕರಿಗೆ, ಕೆಲಸ ನೋಡಿಕೊಳ್ಳುವ ರೈಟರ್‌ಗಳಿಗೆ ನನ್ನದೊಂದು ಕೇಳಿಕೆ. ತೋಟದೊಳಗೆ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರಬಹುದು ಅನ್ನುವುದನ್ನು ಕೊಯ್ಲಿಗೆ ಇಳಿಯುವ ಮೊದಲೇ ಎಲ್ಲರಿಗೂ ತಿಳಿಸಿಡಿ. ಏಣಿ ಹತ್ತುವವರಿಗೆ ಹೆಲ್ಮೆಟ್ಟು, ಸೊಂಟಕ್ಕೆ ಬೆಲ್ಟು ಕೊಡಿಸಿ. ನಮಸ್ಕಾರ.