ಫ್ಲೈಟ್ರ್ಯಾಪ್ ಮೊಗ್ಗು ಬಿಟ್ಟಿದೆ, ಕತ್ತರಿಸಬೇಕಾ?

ನನ್ನ ಗಿಡದ ಮಧ್ಯದಲ್ಲಿ ನೆಟ್ಟಗೆ ಒಂದು ದಂಟು ಎದ್ದಿದೆ. ಅದು ಎಲೆಗಳನ್ನೇ ಬಲೆ ಮಾಡಿ ನೊಣ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್‌ನ ಹೂದಂಟು. ತುದಿ ದುಂಡಗಿದೆ. ಬಲೆಯಾಗುವ ಎಲೆಯಾಗಿದ್ದರೆ ಚಪ್ಪಟೆಯಾಗಿ, ಅಂಚಿನಲ್ಲಿ ಹಲ್ಲು ಮೂಡಿರುತ್ತಿತ್ತು.

ನಮ್ಮ ಚಿಕ್ಕಬಳ್ಳಾಪುರದ ಸುತ್ತ ಗುಲಾಬಿ, ಸೇವಂತಿಗೆ ತೋಟಗಳೇ ಜಾಸ್ತಿ. ಇಲ್ಲಿ ಮೊಗ್ಗು ಕತ್ತರಿಸುತ್ತೇನೆ ಅಂದರೆ ಯಾರು ಒಪ್ಪುತ್ತಾರೆ? ‘ಬೇಡ ಕಣೋ, ಪಾಪ’ ಅನ್ನುತ್ತಾರೆ ಅಮ್ಮ. ದ್ರಾಕ್ಷಿ ಬಳ್ಳಿ ಸವರುತ್ತಾರಲ್ಲ, ಹಾಗೇ ಇದು ಅಂತ ಹೇಳಿದ ಮೇಲೆ ಸುಮ್ಮನಾದರು.

ಈ ಗಿಡದ ತವರು ಅಮೆರಿಕದ ನಾರ್ತ್ ಮತ್ತು ಸೌತ್ ಕ್ಯಾರೊಲಿನಾ. ಅಲ್ಲಿ ಚಳಿಗಾಲದಲ್ಲಿ ಮೂರ್ನಾಲ್ಕು ತಿಂಗಳು ಮಲಗುತ್ತದೆ. ಗೆಡ್ಡೆಯಲ್ಲಿ ಶಕ್ತಿ ಉಳಿಸಿಕೊಂಡು ವಸಂತದಲ್ಲಿ ಹೂ ಬಿಡುತ್ತದೆ. ನಮ್ಮೂರಿನಲ್ಲಿ ಅಷ್ಟು ಚಳಿ ಎಲ್ಲಿದೆ? ಸರಿಯಾಗಿ ನಿದ್ದೆಯೇ ಆಗದ ಗಿಡ ದಂಟು ಎಬ್ಬಿಸಿದರೆ ಹೊಸ ಬಲೆಗಳು ಸಣ್ಣದಾಗುತ್ತವೆ, ಬೆಳೆಯುವುದೂ ನಿಧಾನ. ಬಲೆಯೂ ಎಲೆಯೇ ಅಲ್ವಾ? ಬಿಸಿಲಿನಿಂದ ಆಹಾರ ಮಾಡುವುದೂ ಅದೇ. ನೊಣದಿಂದ ಸಿಗುವುದು ಮುಖ್ಯವಾಗಿ ಸಾರಜನಕ, ರಂಜಕ.

ಹಾಗಾಗಿ ಸಣ್ಣ ಗಿಡ, ಹೊಸದಾಗಿ ತಂದ ಗಿಡ ಆದರೆ ದಂಟು 5 ಸೆಂಟಿಮೀಟರ್ ಆಗುವಷ್ಟರಲ್ಲಿ ಕತ್ತರಿಸಿಬಿಡಿ. ದಪ್ಪಗೆ ಬೆಳೆದು ತುಂಬ ಬಲೆ ಬಿಟ್ಟಿದ್ದರೆ ಒಮ್ಮೆ ಅರಳಲು ಬಿಡಿ. ಬಿಳಿ ಹೂ, ಐದು ಎಸಳು, ಬಹಳ ಚೆಂದ. ದಂಟು ಬಲೆಗಳಿಗಿಂತ ಎಷ್ಟೋ ಎತ್ತರಕ್ಕೆ ಹೋಗುತ್ತದೆ. ಪರಾಗ ತರುವ ಜೇನು, ಜೀರುಂಡೆಗಳು ಬಲೆಯಲ್ಲಿ ಸಿಕ್ಕುವುದು ತೀರಾ ಅಪರೂಪ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತನಗೆ ಬೀಜ ಕಟ್ಟಿಕೊಡುವವರನ್ನು ಈ ಗಿಡ ತಿನ್ನುವುದೇ ಅಪರೂಪ! ನನಗಂತೂ ಇದು ಎಷ್ಟು ಹೇಳಿದರೂ ಸಾಲದು.

ಇನ್ನೊಂದು ಮಾತು. ಹೂ ಬಿಟ್ಟಿದ್ದಕ್ಕೇ ಗಿಡ ಸತ್ತಿತು ಅನ್ನುವವರು ಮೊದಲು ನೀರು ನೋಡಬೇಕು. ನಮ್ಮ ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ, ಇವುಗಳ ಬೇರಿಗೆ ಅದು ವಿಷ. ಮಳೆನೀರು ಅಥವಾ ಆರ್‌ಒ ನೀರನ್ನೇ ಹಾಕಿ.

ಎಲ್ಲ ಕೀಟಾಹಾರಿ ಗಿಡಕ್ಕೂ ಕತ್ತರಿ ಬೇಡ. ಎಲೆಯ ಅಂಟಿನಿಂದ ಕೀಟ ಹಿಡಿಯುವ ಕೇಪ್ ಸಂಡ್ಯೂ ಹೂ ಬಿಟ್ಟರೂ ಸೊರಗುವುದಿಲ್ಲ, ತಾನೇ ಬೀಜ ಕಟ್ಟುತ್ತದೆ. ನಮ್ಮ ರಾಜ್ಯದಲ್ಲೂ ಬೆಳೆಯುವ ಇನ್ನೊಂದು ಸಂಡ್ಯೂ, ಡ್ರೊಸೆರಾ ಬರ್ಮಾನಿಯ ಆಯಸ್ಸೇ ಕಡಿಮೆ. ಸಾಮಾನ್ಯವಾಗಿ ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತದೆ. ಅದರ ಹೂ ಕಿತ್ತರೆ ಮುಂದಿನ ಗಿಡಗಳೇ ಇಲ್ಲ. ಬೀಜ ಎತ್ತಿಟ್ಟುಕೊಳ್ಳಿ.

ಈಗ ಈ ದಂಟು ಕತ್ತರಿಸುತ್ತೇನೆ. ಎಸೆಯುವುದಿಲ್ಲ. ಎಳೆ ದಂಟನ್ನು ತುಂಡು ಮಾಡಿ ಒದ್ದೆ ಸ್ಫ್ಯಾಗ್ನಮ್ ಪಾಚಿಯಲ್ಲಿ ಇಟ್ಟರೆ, ಕೆಲವು ಸಲ ಬುಡದಲ್ಲಿ ಮರಿ ಗಿಡಗಳು ಹುಟ್ಟುತ್ತವೆ.