ಸೀಟಿಗೆಷ್ಟು, ಕಾರಿಗೆಷ್ಟು?

ಮೊನ್ನೆ ಒಂದು ಕಾರಿನೊಳಗೆ ಮುಕ್ಕಾಲು ಗಂಟೆ ಕೂತಿದ್ದೆ. ಓಡಿಸಲಿಲ್ಲ. ಎಂಜಿನ್ನೂ ಸ್ಟಾರ್ಟ್ ಮಾಡಲಿಲ್ಲ. ಸುಮ್ಮನೆ ಕೂತಿದ್ದೆ. ಮಾರೋರಿಗೆ ಮೊದಲ ಹತ್ತು ನಿಮಿಷ ಖುಷಿ, ಗಿರಾಕಿ ಮನಸೋತ ಅಂತ. ಇಪ್ಪತ್ತು ನಿಮಿಷ ದಾಟಿದ ಮೇಲೆ ಕಿಟಕಿ ಹತ್ತಿರ ಬಗ್ಗಿ, 'ಸಾರ್, ಆರಾಮಾಗಿದೆಯಾ?' ಅಂದ್ರು. 'ಅದನ್ನೇ ನೋಡ್ತಾ ಇದೀನಿ' ಅಂದೆ.

ಕಾರು ಪೋರ್ಶೆ ಕೇಮನ್ ಜಿಟಿ4. 2015ರಲ್ಲಿ ಬಂತಲ್ಲ, ಆ ಮೊದಲ ಜಿಟಿ4. 3.8 ಲೀಟರ್ ಎಂಜಿನ್, 385 ಹಾರ್ಸ್‌ಪವರ್, ಗೇರ್‌ಬಾಕ್ಸ್ ಬೇಕಾದರೆ ಆರು ಗೇರಿನ ಮ್ಯಾನ್ಯುಅಲ್ ಒಂದೇ. ನನ್ನ ಮುಂದೆ ಅಂಥ ಸೆಕೆಂಡ್ ಹ್ಯಾಂಡ್ ಕಾರು ಎರಡಿದ್ದವು. ಒಂದರಲ್ಲಿ ಕಾರ್ಬನ್ ಫೈಬರ್ ಬಕೆಟ್ ಸೀಟು, ಇನ್ನೊಂದರಲ್ಲಿ 18 ವೇ ಅಡಾಪ್ಟಿವ್ ಸ್ಪೋರ್ಟ್ಸ್ ಸೀಟು. ಬಕೆಟ್ ಇದ್ದದ್ದಕ್ಕೆ ಬೆಲೆ ಜಾಸ್ತಿ, ತಮಾಷೆ ಅಂದ್ರೆ ಓಡಿದ ಕಿಲೋಮೀಟರೂ ಜಾಸ್ತಿ. ಆ ವ್ಯತ್ಯಾಸದ ದುಡ್ಡಲ್ಲಿ ನಾಲ್ಕು ಹೊಸ ಟೈರು ಹಾಕಿಸಿ, ಬ್ರೇಕ್ ಡಿಸ್ಕು, ಪ್ಯಾಡು ಬದಲಾಯಿಸಿ, ಒಂದು ದೊಡ್ಡ ಸರ್ವೀಸು ಮಾಡಿಸಿದರೂ ಕೈಯಲ್ಲಿ ಮಿಗುತ್ತಿತ್ತು.

ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ಇಲ್ಲಿ ಉಣ್ಣೋ ಮಾತೇ ಇಲ್ಲ, ಬರೀ ಕೂರೋದಕ್ಕೇ ಕುಡಿಕೆ ಖಾಲಿ.

ಮೊದಲು ಈ 18 ವೇ ಅನ್ನೋ ಲೆಕ್ಕ ಬಿಡಿಸಿಬಿಡೋಣ, ಕೇಳಿದವರು ಸೀಟು ಹದಿನೆಂಟು ಥರ ಕುಣಿಯುತ್ತೆ ಅಂದ್ಕೋತಾರೆ. ಮುಂದಕ್ಕೆ ಹೋದರೆ ಒಂದು, ಹಿಂದಕ್ಕೆ ಬಂದರೆ ಎರಡು ಅಂತ ಎಣಿಸೋದು. ಮೇಲೆ, ಕೆಳಗೆ ಅಂದ್ರೆ ನಾಲ್ಕಾಯ್ತು. ಕೂರುವ ಜಾಗದ ಓರೆ ಬದಲಾಯಿಸೋದು ಎರಡು, ತೊಡೆಯ ಕೆಳಗಿನ ಉದ್ದ ಹೆಚ್ಚುಕಮ್ಮಿ ಮಾಡೋದು ಎರಡು, ಬೆನ್ನಿನ ಭಾಗ ಒರಗಿಸೋದು ಎರಡು, ಸೊಂಟದ ಹಿಂದಿನ ಉಬ್ಬು ಮೇಲೆ, ಕೆಳಗೆ, ಒಳಗೆ, ಹೊರಗೆ ಅಂತ ನಾಲ್ಕು. ಹದಿನಾಲ್ಕಾಯ್ತಲ್ಲ, ಅದೇ 14 ವೇ ಸೀಟು. ಅದರ ಮೇಲೆ ತೊಡೆಯ ಪಕ್ಕದ ಮತ್ತು ಪಕ್ಕೆಯ ಪಕ್ಕದ ದಿಂಡುಗಳು ಒಳಗೆ ಬಿಗಿಯೋದು, ಹೊರಗೆ ಸಡಿಲಾಗೋದು ಸೇರಿದರೆ 18. ಮಂತ್ರ ಏನೂ ಇಲ್ಲ, ಕೂಡೋ ಲೆಕ್ಕ.

ಬಕೆಟ್‌ನಲ್ಲಿ ಲೆಕ್ಕ ಇನ್ನೂ ಸುಲಭ. ಸೀಟನ್ನ ಕೈಯಲ್ಲೇ ಹಿಂದೆ ಮುಂದೆ ತಳ್ಳಬೇಕು, ಎತ್ತರಕ್ಕೆ ಒಂದು ಮೋಟರು. ಬೆನ್ನು ಒರಗೋದಿಲ್ಲ. ಒಂದೇ ಅಚ್ಚಿನ ಚಿಪ್ಪು. ನಿಮ್ಮ ಬೆನ್ನು ಆ ಚಿಪ್ಪಿನ ಆಕಾರದಲ್ಲಿದ್ದರೆ ಪುಣ್ಯ, ಇಲ್ಲದಿದ್ದರೆ ಹೊಂದಿಕೊಳ್ಳಬೇಕಾದದ್ದು ನೀವು.

ಬಕೆಟ್ ಸೀಟಿನ ಪರವಾಗಿ ಎಲ್ಲರೂ ಮೊದಲು ಎತ್ತೋ ಮಾತು ತೂಕ. ಬಿಎಂಡಬ್ಲ್ಯೂದವರು ಈಗಿನ ಎಂ3, ಎಂ4ಗೆ ಕೊಡೋ ಕಾರ್ಬನ್ ಬಕೆಟ್ ಸೀಟುಗಳನ್ನ ಹಾಕಿಸಿದರೆ 9.6 ಕಿಲೋ ಉಳಿಯುತ್ತೆ ಅಂತ ಅವರೇ ಹೇಳ್ತಾರೆ. 9.6 ಕಿಲೋ ಅಂದ್ರೆ ಸುಮಾರು 13 ಲೀಟರ್ ಪೆಟ್ರೋಲು. ಟ್ಯಾಂಕು ಫುಲ್ ಮಾಡಿಸದಿದ್ದರೆ ಅಷ್ಟು ತೂಕ ಪುಕ್ಕಟೆಯಾಗಿ ಇಳಿಯುತ್ತೆ. ರೇಸ್ ಗೆಲ್ಲೋರಿಗೆ ಪ್ರತಿ ಕಿಲೋನೂ ಮುಖ್ಯ, ಒಪ್ಪಿದೆ. ನನಗೆ, ನಿಮಗೆ? ನಾನು ಆರು ತಿಂಗಳು ಜಿಮ್‌ಗೆ ಹೋದರೆ ಕಾರು ಅದಕ್ಕಿಂತ ಹಗುರಾಗುತ್ತೆ. ಹೋಗೋದಿಲ್ಲ, ಅದು ಬೇರೆ ಮಾತು.

ಬಕೆಟ್ ಸೀಟಿನ ನಿಜವಾದ ಗುಣ ತೂಕದಲ್ಲಿಲ್ಲ, ಹಿಡಿತದಲ್ಲಿದೆ. ಒಳ್ಳೆ ಟೈರಿನ ಕಾರು ಟ್ರ್ಯಾಕ್ ತಿರುವಿನಲ್ಲಿ 1 ಜಿ ಬಲ ಹುಟ್ಟಿಸಿತು ಅಂದ್ರೆ, 75 ಕಿಲೋ ಮನುಷ್ಯನನ್ನ 75 ಕಿಲೋ ತೂಕದಷ್ಟೇ ಬಲ ಪಕ್ಕಕ್ಕೆ ನೂಕುತ್ತೆ. ಸಾಧಾರಣ ಸೀಟಲ್ಲಿ ಆಗ ಏನು ಮಾಡ್ತೀವಿ? ಮಂಡಿಯನ್ನ ಬಾಗಿಲಿಗೆ ಒತ್ತಿ ಹಿಡೀತೀವಿ, ಎಡಗಾಲನ್ನ ಫುಟ್‌ರೆಸ್ಟಿಗೆ ಊರ್ತೀವಿ, ಕೊನೆಗೆ ಸ್ಟೀರಿಂಗನ್ನೇ ಹಿಡಿದು ನೇತಾಡ್ತೀವಿ. ನೇತಾಡೋ ಕೈಗೆ ಟೈರು ಏನು ಹೇಳ್ತಿದೆ ಅಂತ ಗೊತ್ತಾಗೋದಿಲ್ಲ. ಬಕೆಟ್‌ನಲ್ಲಿ ಆ ಕೆಲಸ ಸೀಟೇ ಮಾಡುತ್ತೆ, ಕೈ ಬರೀ ತಿರುಗಿಸೋದಕ್ಕೆ. ಹಿಂದಿನ ಟೈರು ಒಂದಿಷ್ಟು ಜಾರಿದರೂ ಕಣ್ಣಿಗಿಂತ ಮೊದಲು ಸೊಂಟಕ್ಕೆ ತಿಳಿಯುತ್ತೆ. ಸ್ನೇಹಿತನ ಕಾರಲ್ಲಿ ಒಮ್ಮೆ ಇದನ್ನ ಅನುಭವಿಸಿದ ಮೇಲೆ ಮೂರು ದಿನ ನಾನು ಬೇರೆ ವಿಷಯ ಮಾತಾಡಲಿಲ್ಲ. ಅದಕ್ಕೇ ಬಕೆಟ್ ಬರೀ ಶೋಕಿ ಅನ್ನೋರ ಜೊತೆ ನಾನಿಲ್ಲ.

ಆದ್ರೆ ಅದೇ ಸೀಟಲ್ಲಿ ಮೊನ್ನೆ ಮುಕ್ಕಾಲು ಗಂಟೆ ಕೂತಾಗ ಏನಾಯ್ತು ಕೇಳಿ. ಮೊದಲ ಐದು ನಿಮಿಷ ಯಾರೋ ಅಪ್ಪಿಕೊಂಡ ಹಾಗೆ. ಹದಿನೈದನೇ ನಿಮಿಷಕ್ಕೆ ಬಲಭುಜದ ಹಿಂದೆ ಚಿಪ್ಪಿನ ಅಂಚು ಇದೆ ಅಂತ ಗೊತ್ತಾಯ್ತು. ಒತ್ತಲಿಲ್ಲ, ಇದೆ ಅಂತ ಗೊತ್ತಾಯ್ತು, ಅಷ್ಟೇ. ಅರ್ಧ ಗಂಟೆಗೆ ಸೊಂಟದ ಹಿಂದೆ ಒಂದು ಅಂಗೈ ತೂರುವಷ್ಟು ಜಾಗ ಖಾಲಿ. ನಾನು ನಿಜವಾಗಲೂ ಅಂಗೈ ತೂರಿಸಿ ನೋಡಿದೆ. ಆ ಜಾಗ ತುಂಬೋಕೆ ಬಟನ್ ಇಲ್ಲ, ಮೋಟರ್ ಇಲ್ಲ. ನಲವತ್ತನೇ ನಿಮಿಷಕ್ಕೆ ನಾನು ಸೀಟಲ್ಲಿ ಸರಿದಾಡೋಕೆ ಶುರು ಮಾಡಿದ್ದೆ, ಆ ಸೀಟು ಇರೋದೇ ಸರಿದಾಡದ ಹಾಗೆ ಹಿಡಿಯೋಕೆ.

ಹೆಂಡತಿ ಪಕ್ಕದ ಸೀಟಲ್ಲಿ ಕೂತಿದ್ದಳು. ಇಳಿಯೋಕೆ ಹೋದಾಗ ಒಂದು ಕೈ ಬಾಗಿಲಿನ ಮೇಲೆ, ಒಂದು ಕೈ ಸೀಟಿನ ಎತ್ತರದ ಅಂಚಿನ ಮೇಲೆ ಇಟ್ಟು ಒಮ್ಮೆ ಪ್ರಯತ್ನ ಪಟ್ಟು, ಮತ್ತೆ ಕೂತು, 'ಏನ್ರೀ, ಇದರಿಂದ ಏಳೋಕೆ ಕ್ರೇನ್ ತರಿಸ್ತಾರಾ?' ಅಂದಳು. ಮಾರೋರು ನಕ್ಕರು. ನಾನು ನಗಲಿಲ್ಲ, ಮುಂದೆ ಪ್ರತಿ ಸಲ ಈ ಮಾತು ಕೇಳಬೇಕಾದವನು ನಾನು.

ಈಗ ಬೆಲೆ. ಹೊಸ ಕಾರಿಗೆ ಹಾಕಿಸಿದ ಆಪ್ಷನ್‌ಗಳ ಬೆಲೆ ಸೆಕೆಂಡ್ ಹ್ಯಾಂಡ್ ಆಗೋ ಹೊತ್ತಿಗೆ ಬಹುಪಾಲು ಕರಗಿಹೋಗಿರುತ್ತೆ. ಮೊದಲ ಮಾಲೀಕರು ಮೆಚ್ಚಿ ಹಾಕಿಸಿದ ಸೌಂಡ್ ಸಿಸ್ಟಮ್ಮು, ಬಣ್ಣದ ಸೀಟ್ ಬೆಲ್ಟು, ಇದಕ್ಕೆಲ್ಲ ಎರಡನೆಯವನು ಕೈ ಬಿಚ್ಚೋದಿಲ್ಲ. ನಮ್ಮಂಥ ಸೆಕೆಂಡ್ ಹ್ಯಾಂಡ್ ಜನಕ್ಕೆ ಇದೇ ಹಬ್ಬ. ಮಾಮೂಲಿ ಕೇಮನ್, ಇಲ್ಲಾ ಅದರದ್ದೇ ಟಾಪ್ ತೆರೆಯೋ ಜೋಡಿ ಬಾಕ್ಸ್‌ಸ್ಟರ್ ಹುಡುಕ್ತಿದ್ದೀರಾ? ಹಾಗಾದರೆ 18 ವೇ ಸೀಟಿನ ಗಾಡಿ ಸಿಗೋವರೆಗೂ ಕಾಯಿರಿ. ಹೊಸದರಲ್ಲಿ ಅದಕ್ಕೆ ಸುರಿದ ದುಡ್ಡಿನಲ್ಲಿ ಚೂರುಪಾರು ಮಾತ್ರ ನಿಮ್ಮ ಹತ್ತಿರ ಕೇಳ್ತಾರೆ.

ಜಿಟಿ ಕಾರುಗಳಲ್ಲಿ, ಅಂದ್ರೆ ಜಿಟಿ4ನಂಥ ಟ್ರ್ಯಾಕಿಗೆ ಅಂತಲೇ ಹುರಿಗೊಳಿಸಿದ ಪೋರ್ಶೆಗಳಲ್ಲಿ, ಈ ನಿಯಮ ತಲೆಕೆಳಗು. ಅಲ್ಲಿ ಬಕೆಟ್ ಸೀಟನ್ನೇ ಹುಡುಕಿಕೊಂಡು ಬರೋ ಜನ ಇದಾರೆ. ಅದಕ್ಕೇ ಮಾರೋರು ಹೇಳೋದು, 'ಸಾರ್, ಇದು ಖರ್ಚಲ್ಲ, ಡಿಪಾಸಿಟ್ಟು. ಮಾರುವಾಗ ವಾಪಸ್ ಬರುತ್ತೆ.' ಮಾತು ಸುಳ್ಳಲ್ಲ. ಆದರೆ ಯಾರ ಹೆಸರಲ್ಲಿ ಡಿಪಾಸಿಟ್ಟು? ಮುಂದೆ ಎಂದೋ ಬರೋ, ನನಗೆ ಮುಖ ಗೊತ್ತಿಲ್ಲದ ಗಿರಾಕಿಯ ಬೆನ್ನು ಆರಾಮಾಗಿರಲಿ ಅಂತ ನಾನು ಇವತ್ತು ದುಡ್ಡು ಕಟ್ಟಿ, ಅಲ್ಲಿವರೆಗೆ ನನ್ನ ಬೆನ್ನು ನೋಯಿಸಿಕೋಬೇಕು. ಬೆನ್ನು ನೋಯಿಸೋ ಕಾರನ್ನ ಯಾರೂ ಬೆಳಿಗ್ಗೆ ಎದ್ದು ಖುಷಿಗೆ ಹೊರಗೆ ತೆಗೆಯೋದಿಲ್ಲ. ಕವರ್ ಹೊದ್ದು ನಿಂತಿರುತ್ತೆ, ಮಾಲೀಕರು ಫೋನಲ್ಲಿ ಅದರ ಬೆಲೆ ಎಷ್ಟಾಗಿದೆ ಅಂತ ನೋಡ್ತಾ ಇರ್ತಾರೆ. ಅಂಥ ಕಾರು ಸಾಕೋದಕ್ಕಿಂತ ಬ್ಯಾಂಕಲ್ಲಿ ನಿಜವಾದ ಡಿಪಾಸಿಟ್ಟೇ ಇಡಬಹುದಲ್ಲ, ಅದಕ್ಕೆ ಇನ್ಶೂರೆನ್ಸಾದರೂ ಕಟ್ಟಬೇಕಾಗಿಲ್ಲ.

'ಈಗ ಅಗ್ಗದ್ದು ತಗೋ, ಆಮೇಲೆ ಬಕೆಟ್ ಸೀಟು ಸಿಕ್ಕಾಗ ಹಾಕಿಸು' ಅಂತ ಒಬ್ಬ ಸ್ನೇಹಿತ ಹೇಳಿದ. ಈ ಸಲಹೆ ಕೇಳೋಕೆ ಎಷ್ಟು ಚೆನ್ನಾಗಿದೆಯೋ ಅಷ್ಟೇ ಅಪಾಯದ್ದು. ಈಗಿನ ಕಾರಿನ ಸೀಟು ಅಂದ್ರೆ ನಾಲ್ಕು ಬೋಲ್ಟಿನ ಕುರ್ಚಿ ಅಲ್ಲ. ಒಳಗೆ ಸೈಡ್ ಏರ್‌ಬ್ಯಾಗ್ ಇದೆ, ಬೆಲ್ಟಿನ ಬಕಲ್ ಸೀಟಿಗೇ ಕೂಡಿದೆ, ಪಕ್ಕದ ಸೀಟಿನ ಕುಶನ್ ಕೆಳಗೆ ಯಾರಾದರೂ ಕೂತಿದಾರಾ ಅಂತ ನೋಡೋ ಸೆನ್ಸರ್ ಇರುತ್ತೆ. ಇವನ್ನೆಲ್ಲ ಹೊಂದಿಸದೆ ಸೀಟು ಬದಲಾಯಿಸಿದರೆ ಡ್ಯಾಶ್‌ಬೋರ್ಡಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿಕೊಳ್ಳುತ್ತೆ. ಆ ದೀಪ ಆರಿಸೋಕೆ ಕನೆಕ್ಟರಿಗೆ ಒಂದು ಪುಟಾಣಿ ರೆಸಿಸ್ಟರ್ ಸಿಕ್ಕಿಸಿಬಿಡೋರು ಇದಾರೆ. ದೀಪ ಆರುತ್ತೆ, ಏರ್‌ಬ್ಯಾಗ್ ಬರೋದಿಲ್ಲ. ಕಾರಿಗೇ ಸುಳ್ಳು ಹೇಳಿ, ಅದರ ಮೇಲೆ ನಂಬಿಕೆ ಇಟ್ಟು ಕೂರೋದು ಇದು. ನೀವು ನೋಡೋಕೆ ಹೋದ ಕಾರಿನ ಸೀಟು ಆಮೇಲೆ ಹಾಕಿದ್ದು ಅನ್ನಿಸಿದರೆ, ಚಾಸಿ ನಂಬರ್ ಕೊಟ್ಟು ಫ್ಯಾಕ್ಟರಿಯಿಂದ ಯಾವ ಸೀಟಿನ ಜೊತೆ ಹೊರಬಿತ್ತು ಅನ್ನೋ ಬಿಲ್ಡ್ ಶೀಟ್ ತೆಗೆಸಿ. ಅದೂ ಇದೂ ತಾಳೆಯಾಗದಿದ್ದರೆ ಅದಕ್ಕೆ ಉತ್ತರ ಸಿಗೋವರೆಗೆ ಚೌಕಾಸಿಗೇ ಕೂರಬೇಡಿ.

ರೇಸ್ ಕಾರಿಂದ ಬಿಚ್ಚಿದ ಹಳೇ ಬಕೆಟ್ ಅಗ್ಗಕ್ಕೆ ಸಿಗುತ್ತೆ ಅನ್ನೋರಿಗೆ ಒಂದೇ ಮಾತು. ಅದರ ಮೇಲಿನ ಎಫ್‌ಐಎ (ಕಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ) ಸ್ಟಿಕ್ಕರ್ ಓದಿ. 8855-1999 ಅನ್ನೋ ಮಾನದಂಡದ ಸೀಟಿಗೆ ತಯಾರಾದ ದಿನದಿಂದ 5 ವರ್ಷ ಆಯಸ್ಸು, ಅದು ಮುಗಿದದ್ದಕ್ಕೇ ಅವರು ಬಿಚ್ಚಿರೋದು.

ಇನ್ನು ಸೀಟನ್ನ ನೋಡೋದು ಹೇಗೆ ಅನ್ನೋದು. ಇದು ನನಗೆ ಇಷ್ಟವಾದ ಭಾಗ, ಯಾಕಂದ್ರೆ ಸೀಟು ಸುಳ್ಳು ಹೇಳೋದಿಲ್ಲ. ಡ್ರೈವರ್ ಸೀಟಿನ ಬಾಗಿಲ ಕಡೆಯ ದಿಂಡು ನೋಡಿ. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ, ಹತ್ತೋರು ಇಳಿಯೋರು ಎಲ್ಲರೂ ಆ ದಿಂಡಿನ ಮೇಲೆ ಕೂತೇ ಜಾರೋದು. ಮೊದಲು ಬಣ್ಣ ಹೋಗುತ್ತೆ, ಆಮೇಲೆ ಚರ್ಮದಲ್ಲಿ ಗೆರೆ ಬೀಳುತ್ತೆ, ಆಮೇಲೆ ಒಳಗಿನ ಫೋಮು ಕುಸಿಯುತ್ತೆ. ಅಂಗೈಯಲ್ಲಿ ಒತ್ತಿ, ಪಕ್ಕದ ಸೀಟಿನದ್ದನ್ನೂ ಒತ್ತಿ. ಮೀಟರಲ್ಲಿ ಕಿಲೋಮೀಟರ್ ಕಮ್ಮಿ ತೋರಿಸ್ತಾ ದಿಂಡು ಮಾತ್ರ ಹಳೇ ದಿಂಬಿನ ಹಾಗೆ ಮೆತ್ತಗಿದ್ದರೆ, ಯಾವುದೋ ಒಂದು ನಿಜ ಹೇಳ್ತಿಲ್ಲ. ನಾನಂತೂ ದಿಂಡನ್ನ ನಂಬ್ತೀನಿ.

ಸೀಟಿನ ಹೊದಿಕೆ ಅಲ್ಕಾಂತರಾ ಆಗಿದ್ದರೆ ಕೈಯಾಡಿಸಿ. ಹೆಸರು, ಮೆರುಗು ನೋಡಿ ಅದನ್ನ ಚರ್ಮ ಅಂದ್ಕೊಂಡವರು ಬಹಳ. ಅದು 68 ಪಾಲು ಪಾಲಿಯೆಸ್ಟರ್, 32 ಪಾಲು ಪಾಲಿಯುರಿಥೇನ್ ಸೇರಿದ ಬಟ್ಟೆ. ಬೆವರು, ಮೈ ಜಿಡ್ಡು ಕುಡಿದು ಕುಡಿದು ಹೊಳಪಾಗಿ ಗಂಟುಗಂಟಾಗಿರುತ್ತೆ. ಸ್ವಲ್ಪ ಮಟ್ಟಿಗಾದರೆ ಒದ್ದೆ ಬಟ್ಟೆ, ಮೆತ್ತಗಿನ ಬ್ರಷ್ಷಿಗೆ ಬಗ್ಗುತ್ತೆ. ಬಕೆಟ್ ಆದರೆ ಚಿಪ್ಪಿನ ಹೊರಮೈಯನ್ನ ಟಾರ್ಚ್ ಹಿಡಿದು ನೋಡಿ, ಬೆಲ್ಟಿನ ಕೊಕ್ಕೆ ಬಡಿದು ಬಡಿದು ಲ್ಯಾಕರ್ ಮೇಲೆ ಸಣ್ಣ ಚುಕ್ಕಿಗಳಾಗಿರುತ್ತೆ, ಅದಕ್ಕೆ ಹೆದರಬೇಕಾಗಿಲ್ಲ. ಬಿರುಕು ಇದ್ದರೆ ಹೆದರಿ.

ಹರಿದ ಸೀಟನ್ನ ಹೊಲಿಸಬಹುದು, ನಿಜ. ಒಳ್ಳೆ ಕುಶನ್ ಕೆಲಸದವರು ಫೋಮು ತುಂಬಿ ಹೊಸದರ ಹಾಗೆ ಮಾಡಿಕೊಡ್ತಾರೆ. ಏರ್‌ಬ್ಯಾಗ್ ಇರೋ ಕಡೆಯ ಹೊಲಿಗೆ ಮಾತ್ರ ಬೇರೆ. ಅಪಘಾತದಲ್ಲಿ ಆ ಹೊಲಿಗೆ ಬಿಚ್ಚಿಕೊಂಡು ಬ್ಯಾಗ್ ಹೊರಗೆ ಬರಬೇಕು, ಅದಕ್ಕೆ ಹರಿಯೋ ದಾರವೇ ಬೇಕು. ಗಟ್ಟಿಯಾಗಿರಲಿ ಅಂತ ಗಟ್ಟಿ ದಾರ ಹಾಕಿದರೆ ಬ್ಯಾಗ್ ಒಳಗೇ ಸಿಕ್ಕಿಬೀಳುತ್ತೆ. ಸೀಟ್ ಕವರ್ ಹಾಕಿಸೋರಿಗೂ ಇದೇ ಮಾತು.

ನಾನು ಏನು ಮಾಡಿದೆ ಅಂತ ಕೇಳ್ತೀರಿ. ಅಗ್ಗದ್ದನ್ನೇ ತಗೊಂಡೆ, 18 ವೇ ಇದ್ದದ್ದನ್ನ. ಬಕೆಟ್ ಕಾರನ್ನ ಮರುವಾರ ಇನ್ಯಾರೋ ತಗೊಂಡರಂತೆ. ನನಗಿಂತ ತೆಳ್ಳಗಿದ್ದವರಾದರೆ ಒಳ್ಳೆ ವ್ಯಾಪಾರವೇ ಮಾಡಿದಾರೆ, ಹೊಟ್ಟೆಕಿಚ್ಚು ಸ್ವಲ್ಪ ಇದೆ. ಈಗಲೂ ಟ್ರ್ಯಾಕಿಗೆ ಹೋದಾಗ ಎರಡೂ ದಿಂಡು ಪೂರ್ತಿ ಬಿಗಿದರೂ ಆ ಚಿಪ್ಪಿನ ಹಿಡಿತ ಬರೋದಿಲ್ಲ. ವಾಪಸ್ ಬರುವಾಗ ಮೂರು ಗಂಟೆ ದಾರಿ, ದಿಂಡು ಸಡಿಲ ಮಾಡಿ, ಸೊಂಟದ ಹಿಂದೆ ಉಬ್ಬು ತುಂಬಿಸಿಕೊಂಡಾಗ ಆ ಕೊರತೆ ನೆನಪಿಗೇ ಬರೋದಿಲ್ಲ.

ಕಾರು ಮನೆಗೆ ಬಂದ ರಾತ್ರಿ ಸುಮ್ಮನೆ ಮತ್ತೆ ಹೋಗಿ ಕೂತೆ. ಮೆಮೊರಿಯ 1ನೇ ಬಟನ್ ಕಣ್ಣಿಗೆ ಬಿತ್ತು. ಒತ್ತಿ ಹಿಡಿದೆ. ಸೀಟು ಮೆಲ್ಲಗೆ ಮುಂದಕ್ಕೆ ಹೋಯ್ತು, ಹೋಗ್ತಾನೇ ಇತ್ತು, ಆಮೇಲೆ ಮೇಲೆದ್ದಿತು, ಬೆನ್ನು ನೇರವಾಯ್ತು. ನನ್ನ ಮಂಡಿ ಸ್ಟೀರಿಂಗಿಗೆ ತಾಗಿ ನಿಲ್ಲಿಸಿದೆ. ಹಳೇ ಮಾಲೀಕರು ನನಗಿಂತ ಗೇಣುದ್ದ ಕುಳ್ಳಗಿದ್ದಿರಬೇಕು, ನೆಟ್ಟಗೆ ಕೂತು ಓಡಿಸೋ ಪೈಕಿ. 1 ಅವರದ್ದೇ ಇರಲಿ ಅಂತ ಬಿಟ್ಟು, ನನ್ನದನ್ನ 2ಕ್ಕೆ ಸೇವ್ ಮಾಡಿದೆ.