ಪೋಸ್ಟರಿನ ಬೆನ್ನು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳುತ್ತಿದೆ ಅಲ್ವಾ? ಸರಿ.

ಹೊರಗೆ ಪಡಸಾಲೆಯಲ್ಲಿ ಹೋರಾಟದ ಪೋಸ್ಟರುಗಳನ್ನು ಚೆಂದಾಗಿ ಜೋಡಿಸಿದ್ದೀರಿ. ಆದರೆ ನನ್ನದೊಂದು ತಕರಾರಿದೆ, ಮೊದಲೇ ಹೇಳಿಬಿಡುತ್ತೇನೆ. ಎಲ್ಲಕ್ಕೂ ಗಾಜು ಹಾಕಿಸಿದ್ದೀರಿ. ಪೋಸ್ಟರಿನ ಅರ್ಧ ಚರಿತ್ರೆ ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅದನ್ನೇ ಹಲಗೆ ಬಡಿದು ಮುಚ್ಚಿದ್ದೀರಿ. ಯಾವ ಗೋಡೆ, ಯಾವ ರಾತ್ರಿ, ಯಾವ ಗಂಜಿ? ಈಗ ಹೇಗೆ ಗೊತ್ತಾಗಬೇಕು?

ಗಂಜಿ ಅಂದಾಗ ನೆನಪಾಯಿತು. 1982. ಗೋಕಾಕ್ ಚಳವಳಿಯ ಕಾವು. ರಾಜ್‌ಕುಮಾರ್ ಇಳಿದ ಮೇಲಂತೂ ಕೇಳಲೇಬೇಡಿ. ನಾವು ನಾಲ್ಕು ಹುಡುಗರು ಇದೇ ವಿಜಯಪುರದಲ್ಲಿ, ಆಗಿನ ಬಿಜಾಪುರದಲ್ಲಿ, ಹಳೇ ಪೇಪರಿನ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಕ್ಷರ ಬರೆದು ಗಾಂಧಿ ಚೌಕದ ಸುತ್ತಮುತ್ತ ಅಂಟಿಸಿದೆವು. ಬೆಳಿಗ್ಗೆ ನೋಡಿದರೆ ಕೆಳಸಾಲಿನ ಒಂದೂ ಇಲ್ಲ. ಪೊಲೀಸರು ಕಿತ್ತರು ಅಂತ ಒಳಗೊಳಗೇ ಹೆಮ್ಮೆ. ಮರುದಿನ ರಾತ್ರಿ ಮತ್ತೆ ಅಂಟಿಸಿ, ಕತ್ತಲಲ್ಲಿ ಕಾದು ಕೂತೆವು. ಬಂದದ್ದು ಒಂದು ಬಿಳಿ ಆಕಳು! ನಿಧಾನಕ್ಕೆ ಮೂಲೆ ನೆಕ್ಕಿತು, ನೆನೆಸಿತು, ನಾಲಿಗೆ ಸುತ್ತಿ ಸರ್ರನೆ ಎಳೆಯಿತು. ಮೈದಾ ಗಂಜಿ ನೋಡಿ, ರುಚಿ ಹತ್ತಿತ್ತು. ‘ಕನ್ನಡ’ದಲ್ಲಿ ‘ಕನ್ನ’ ಗೋಡೆಗೆ ಉಳಿಯಿತು, ‘ಡ’ ಅದರ ಬಾಯಿಗೆ ಹೋಯಿತು.

ಗಂಜಿಗೆ ಮೈಲುತುತ್ತ ಹಾಕೋಣ ಅಂದ ಒಬ್ಬ. ಆದರೆ ಒಲೆ ನಮ್ಮವ್ವನದು. ಸೌಟು ಹಿಡಿದುಕೊಂಡೇ ಬಂದಳು: “ಮೂಕ ಪ್ರಾಣಿ ಸತ್ತರ ನಿಮ್ಮ ಕನ್ನಡ ಬದುಕತೈತೇನ್ರೋ?” ಕೊನೆಗೆ ಬೇವಿನ ಸೊಪ್ಪು ಅರೆದು ಹಾಕಿದೆವು. ಗಂಜಿ ಹಸಿರಾಯಿತು. ಆಕಳು ಮೂಸಿ ನೋಡಿ ಮುಂದೆ ಹೋಯಿತು.

ಇರಲಿ. ಪ್ಯಾರಿಸ್‌ಗೆ ಬರೋಣ. 1968ರ ಮೇ ತಿಂಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ಕಲಾಶಾಲೆಯನ್ನೇ ವಶ ಮಾಡಿಕೊಂಡು ಪೋಸ್ಟರು ಛಾಪಿಸಿದರು. ಮೊದಲು ಕಲ್ಲಚ್ಚು. ಅದು ಬಹಳ ನಿಧಾನ. ಆಮೇಲೆ ಸ್ಕ್ರೀನ್ ಪ್ರಿಂಟಿಂಗ್. ನಮ್ಮಲ್ಲಿ ಲಗ್ನಪತ್ರಿಕೆ ಮಾಡುತ್ತಿದ್ದರಲ್ಲ, ಅದೇ. ಚೌಕಟ್ಟಿಗೆ ಬಿಗಿದ ಬಟ್ಟೆ, ಅದರ ಮೇಲೆ ಬಣ್ಣ, ರಬ್ಬರ್ ಪಟ್ಟಿಯಿಂದ ಒಂದು ಎಳೆತ. ಬಣ್ಣಕ್ಕೊಂದು ಸ್ಕ್ರೀನು ಬೇಕು, ಹಾಗಾಗಿ ಬಹಳಷ್ಟು ಒಂದೇ ಬಣ್ಣದವು. ಈಗ ಅದನ್ನೇ ಶೈಲಿ ಅಂತೀವಿ. ಸುಮ್ನೆ ಅವಸರ ಅನ್ನಿ! ಯಾವ ಚಿತ್ರ ಬೇಕು ಅಂತ ಸಭೆ ಸೇರಿ ತೀರ್ಮಾನಿಸುತ್ತಿದ್ದರು. ಯಾರೂ ಸಹಿ ಹಾಕಲಿಲ್ಲ. ಇವನ್ನು ಅಲಂಕಾರಕ್ಕೆ ತೂಗುಹಾಕಬೇಡಿ ಅಂತಲೂ ಹೇಳಿದ್ದರು. ಈಗ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದಿವೆ. ಮತ್ತೆ ಗಾಜಿಗೇ ಬಂದೆ, ಕ್ಷಮಿಸಿ.

1924, ಬೆಳಗಾವಿಯಲ್ಲಿ ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷರಾಗಿ ಕೂತ ವರ್ಷ. ಅದೇ ವರ್ಷ ಜರ್ಮನಿಯಲ್ಲಿ ಕಲಾವಿದೆ ಕೇಟೆ ಕೋಲ್ವಿಟ್ಸ್ ‘ಇನ್ನೆಂದೂ ಯುದ್ಧ ಬೇಡ’ ಅನ್ನುವ ಪೋಸ್ಟರು ಬರೆದರು. ಆಣೆ ಇಡುವ ಹಾಗೆ ಎತ್ತಿದ ತೋಳು, ತೆರೆದ ಬಾಯಿ. ಅವರ ಮಗ ಪೀಟರ್ 1914ರಲ್ಲಿ ಯುದ್ಧದಲ್ಲಿ ಸತ್ತಿದ್ದ. ಆ ತೋಳಿನ ಗೆರೆ ನೋಡಿ, ಎಷ್ಟು ಒತ್ತಿ ಎಳೆದಿದ್ದಾರೆ.

ಚೀಟಿ ಬಂತು. ಎರಡು ನಿಮಿಷ ಅಂತೆ. ಆಕಳೇ ಜಾಸ್ತಿ ಟೈಮು ತಿಂದಿತು. ಚಿತ್ರಕಾರ ಚಿತ್ತಪ್ರಸಾದ್ ಬಗ್ಗೆ ಹೇಳಬೇಕಿತ್ತು. 1943ರ ಬಂಗಾಳದ ಬರಗಾಲವನ್ನು ಬರೆದರು, ಬ್ರಿಟಿಷರು ಅವರ ಪುಸ್ತಕವನ್ನೇ ಸುಟ್ಟರು. ಗೋಡೆ ಅಂದಗೆಡಿಸಬಾರದು ಅನ್ನುವ ನಮ್ಮ 1981ರ ಕಾಯಿದೆಯನ್ನು ಬಿಡುತ್ತೇನೆ. ಫ್ಲೆಕ್ಸ್ ಬಗ್ಗೆ ಒಂದೇ ಮಾತು. ಅಧಿವೇಶನದ ಹೊತ್ತಿಗೆ ಬೆಳಗಾವಿಗೆ ಹೋಗಿ ನೋಡಿ. ಹೋರಾಟದ ಫ್ಲೆಕ್ಸೂ ಹುಟ್ಟುಹಬ್ಬದ್ದರ ಹಾಗೇ, ಕೆಳಗೆ ಸಾಲಾಗಿ ಹದಿನೆಂಟು ಫೋಟೋ. ಅದರ ಬೆನ್ನಿಗೆ ಏನೂ ಅಂಟುವುದಿಲ್ಲ.

ಆಗಿನದು ನನ್ನ ಹತ್ತಿರ ಒಂದೇ ಉಳಿದಿದೆ. ಮಳೆಗೆ ತಾನೇ ಕಳಚಿ ಬಿದ್ದದ್ದು. ತಂದಿದ್ದೇನೆ, ಮೇಜಿನ ಮೇಲೆ ಬೋರಲು ಇಡುತ್ತೇನೆ. ಹಸಿರು ಗಂಜಿಯ ಕಲೆ ಇದೆ, ಅದಕ್ಕೆ ನೀಲಿ ಸುಣ್ಣದ ಹಕ್ಕಳೆ ಹತ್ತಿದೆ. ಆಗ ಚೌಕದ ಹತ್ತಿರ ನೀಲಿ ಸುಣ್ಣದ ಗೋಡೆ ಯಾರ ಮನೆಯದು? ಹಿರಿಯರು ಯಾರಿಗಾದರೂ ನೆನಪಿದ್ದರೆ ಚಹಾ ಕುಡಿಯುವಾಗ ಹೇಳಿ.